ಕಾಮಿಕ್ಸ್ ಅಲಮಾರಿಗೆ ಬಂದ ರೊಟ್ಟಿ ಗಂಡಾಂತರ

ಕಾಮಿಕ್ಸ್ ಹುಚ್ಚು ಹತ್ತಿದವನ ಮನೆಗೆ ಇಂಥ ಪ್ರಸಂಗಗಳು ತಾವೇ ದಾರಿ ಕೇಳಿಕೊಂಡು ಬರುತ್ತವೆ. ಬೇಡವೆಂದರೂ ಬಿಡುವುದಿಲ್ಲ.

ಜೇವರ್ಗಿಯಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. ಗಿರಾಕಿಗಳಿಗೆ ದಿನವಿಡೀ ಹೇಳುವ ಮಾತು ಒಂದೇ: "ಕೋರ್ಸ್ ಅರ್ಧಕ್ಕ ಬಿಡಬ್ಯಾಡ್ರಿ." ಗಿರಾಕಿ ಇಲ್ಲದಾಗ ಕೌಂಟರಿನ ಕೆಳಗೆ ಕಾಮಿಕ್ಸ್. ಇದೇ ರೋಗ ಇರುವವರು ಇನ್ನಿಬ್ಬರಿದ್ದಾರೆ. ಆಳಂದದ ಉರ್ದು ಶಾಲೆಯ ಮಾಸ್ತರರು ಒಬ್ಬರು, ಅಫಜಲಪುರದ ವಕೀಲಬಾಯಿ ಇನ್ನೊಬ್ಬರು. ಕಲಬುರಗಿಯ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದೇ ಪುಸ್ತಕಕ್ಕೆ ಮೂರು ಕೈ ಒಟ್ಟಿಗೆ ಬಿದ್ದಾಗ ಆದ ಪರಿಚಯ. ಅಂದಿನಿಂದ ಒಬ್ಬರು ಓದಿದ್ದನ್ನು ಇನ್ನೊಬ್ಬರಿಗೆ "ಇದನ್ನೊಮ್ಮೆ ಓದಿ ನೋಡ್ರಿ" ಎಂದು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುವುದು ನಡೆದಿದೆ. ನಮ್ಮಲ್ಲಿ ಒಂದೇ ಕರಾರು: ಯಾವ ಹೊಸ ಕಥೆಯನ್ನೇ ಆಗಲಿ ಅದರ ಮೊದಲ ಮೂರು ಪುಸ್ತಕ ಓದುವ ತನಕ ಬೈಯುವಂತಿಲ್ಲ.

ಹೀಗೆ ಸುಖವಾಗಿದ್ದಾಗ ದೀಪಾವಳಿ ಮುಗಿದ ಮರುದಿನ ಅವ್ವ ನನ್ನ ಕಾಮಿಕ್ಸ್ ಅಲಮಾರಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಳ್ಳಮಾಸಿ ಬಂತು. ರೊಟ್ಟಿ ಬಡದು ಎಲ್ಲಿ ಇಡಲಿ? ಇದನ್ನ ಖಾಲಿ ಮಾಡು. ಪುಸ್ತಕ ರದ್ದಿಗೆ ಹಾಕು."

ನಮ್ಮ ಕಡೆ ಎಳ್ಳಮಾಸಿ ಎಂದರೆ ಹೊಲಕ್ಕೆ ಹೋಗಿ ಊರಿಗೆಲ್ಲ ಉಣಬಡಿಸುವ ಹಬ್ಬ. ಅದಕ್ಕೆ ಅವ್ವ ಬಡಿಯುವ ಖಡಕ್ ರೊಟ್ಟಿ ಒಂದು ದಂಡಿಗೆ ಸಾಲುವಷ್ಟು. ನಾನು ಅಲಮಾರಿಗೆ ಅಡ್ಡ ನಿಂತೆ. ಗೋಗರೆದೆ. ಅವ್ವನ ಮನಸ್ಸು ಸ್ವಲ್ಪ ಕರಗಿತು.

"ಈ ಮನ್ಯಾಗ ನಿನ್ನ ಬಿಟ್ಟು ಇನ್ನೊಬ್ಬರು ಯಾರರೆ ಒಂದು ಕಥಿ ಪೂರ್ತಿ ಓದಿದ್ರ ಅಲಮಾರಿ ನಿಂದು. ಇಲ್ಲಂದ್ರ ರೊಟ್ಟಿದು."

ಈ ಮನೆಯಲ್ಲಿ ಇರುವುದು ಇಬ್ಬರೇ. ನಾನು ಮತ್ತು ಅವ್ವ.

ಕುದುರೆ ಎಲ್ಲಿದೆ?

ಅವ್ವನಿಗೆ ಯಾವ ಕಥೆ ಕೊಡುವುದು? ಗೆಳೆಯರಿಬ್ಬರಿಗೂ ಒಟ್ಟಿಗೆ ಫೋನ್ ಹಚ್ಚಿ ಸಲಹೆ ಕೇಳಿದೆ. ವಕೀಲಬಾಯಿಗೆ ಮೈಯೆಲ್ಲ ಹುರುಪು. "ಹೋದ ತಿಂಗಳು ಮಾಸ್ತರಿಗೆ ಕಳಿಸಿದ್ದೆನಲ್ಲ, ಅದನ್ನ ಕೊಡ್ರಿ. ಅದರಾಗ ಒಬ್ಬಾಕಿ ಹೆಣ್ಣುಮಗಳು ಇಡೀ ಗಂಡಸರ ಗುಂಪು ಆಳತಾಳ. ನಿಮ್ಮವ್ವಗ ಹೇಳಿ ಮಾಡಿಸಿದಂಗದ."

ಮಾಸ್ತರರು ನಡುವೆ ಬಾಯಿ ಹಾಕಿದರು. "ಛೇ ಛೇ, ಬ್ಯಾಡ್ರಿ. ನಾ ಮೂರೂ ಪುಸ್ತಕ ಓದೇನಿ. ಭಾಳ ಬೇಕಾರ್ ಅದ."

"ಮೂರೂ ಓದೀರಿ?" ವಕೀಲಬಾಯಿಯ ದನಿ ಕೋರ್ಟಿನ ದನಿಯಾಯಿತು.

"ಹೌದ್ರಿ. ಕಸಂ ಸೇ."

"ಹಂಗಾದ್ರ ಹೇಳ್ರಿ, ಮೂರನೇ ಪುಸ್ತಕದಾಗ ಆಕಿ ಕುದುರಿಗೆ ಏನಾತು?"

ಮಾಸ್ತರರು ಒಂದು ಉಸಿರು ತೆಗೆದುಕೊಂಡರು. "ಪಾಪ, ಕಾಲು ಮುರೀತಲ್ರಿ. ನನಗ ಅದನ್ನ ಓದಾಕ ಆಗಲಿಲ್ಲ."

"ಮಾಸ್ತರ್, ಇಡೀ ಕಥಿ ನಡು ಸಮುದ್ರದಾಗ, ಹಡಗಿನ ಮ್ಯಾಲೆ ನಡೀತದ. ಅಲ್ಲಿ ಕುದುರಿ ಎಲ್ಲಿಂದ ಬಂತ್ರಿ?"

ಮಾಸ್ತರರು ಮೆಲ್ಲಗೆ ಹೇಳಿದರು: "ಅದಕ್ಕ ಕಾಲು ಮುರದದ್ದು. ಹಡಗಿನ ಮ್ಯಾಲೆ ಕುದುರಿ ಓಡಿಸಬಾರದು."

ಊಟದ ನಂತರ

ಮಾಸ್ತರರಿಂದ ತರಿಸಿದ ಹಡಗಿನ ಕಥೆಗೆ ಅವ್ವ ಮೂಗು ಮುರಿದಳು. "ಬರೇ ನೀರು. ನೆಲ ಯಾವಾಗ ಬರತದ?" ಎಂದು ನಾಲ್ಕನೇ ಪುಟಕ್ಕೆ ಮುಚ್ಚಿಟ್ಟಳು. ಅದನ್ನು ಅಫಜಲಪುರಕ್ಕೆ ವಾಪಸ್ ಕಳಿಸಬೇಕಾಯಿತು. ಎರಡು ದಿನ ಬಿಟ್ಟು ನನ್ನ ಮೆಚ್ಚಿನ ಭೂತದ ಕಥೆಯ ಐದು ಪುಸ್ತಕಗಳನ್ನೂ ವಕೀಲಬಾಯಿಗೆಂದು ಒಂದು ಔಷಧದ ಡಬ್ಬಿಯಲ್ಲಿ ಕಟ್ಟಿದೆ. ಆಕೆ ಏನು ಕೊಟ್ಟರೂ ಒಂದೇ ಬೈಠಕ್ಕಿನಲ್ಲಿ ಮುಗಿಸುವವರು. ಅದಕ್ಕೇ ಚೇಷ್ಟೆಗೆ ಡಬ್ಬಿಯ ಮೇಲೆ ಅಂಗಡಿಯ ಚೀಟಿ ಅಂಟಿಸಿ ಬರೆದೆ: "ದಿನಕ್ಕೆ ಒಂದು. ರಾತ್ರಿ ಊಟದ ನಂತರ. ಒಮ್ಮೆಲೇ ಮುಗಿಸಬಾರದು."

ಅದೇ ಬಸ್ಸಿಗೆ ಚೌಡಾಪುರದ ಒಬ್ಬ ಗೌಡರಿಗೆ ಕೆಮ್ಮಿನ ಔಷಧವನ್ನೂ ಕೊಟ್ಟಿದ್ದೆ. ಕಂಡಕ್ಟರನಿಗೆ ಎರಡೂ ಮೆಡಿಕಲ್ ಡಬ್ಬಿಯೇ. ಚೌಡಾಪುರದಲ್ಲಿ ಕೈಗೆ ಸಿಕ್ಕಿದ್ದನ್ನು ಇಳಿಸಿ ಸೀಟಿ ಊದಿದ.

ಸಂಜೆ ವಕೀಲಬಾಯಿಯ ಫೋನು. "ಏನ್ರಿ ಇದು, ಕೆಮ್ಮಿನ ಔಷಧ ಕಳಿಸೀರಿ? ಯಾವ ಕಥಿಯಾಗಿಂದು ಇದು?"

ಮರುದಿನದ ಮೊದಲ ಬಸ್ಸಿಗೇ ಗೌಡರ ಔಷಧ ಕಳಿಸಿ, ಅಳುಕುತ್ತಲೇ ಫೋನ್ ಮಾಡಿದೆ. "ತಪ್ಪಾತ್ರಿ ಗೌಡ್ರ. ನಿಮ್ಮ ಔಷಧ ಬಸ್ಸಿನಾಗ ಬರಾಕತ್ತದ. ಆ ಡಬ್ಬಿ ಹಂಗ ವಾಪಸ್ ಕೊಟ್ಟುಬಿಡ್ರಿ."

"ವಾಪಸ್ಸಾ?" ಗೌಡರು ಖೊಕ್ ಖೊಕ್ ಕೆಮ್ಮಿದರು. "ರಾತ್ರಿ ಉಂಡು ಒಂದು ತಗೊಂಡೇನಿ. ಆ ಭೂತ ಬಾವಿಯಾಗ ಇಳದದ. ಇನ್ನೂ ನಾಕು ಅವ."

"ಗೌಡ್ರ, ಅದು ಬ್ಯಾರೆಯವರದ್ರಿ."

"ಯಾರದರೆ ಇರಲಿ. ಕೋರ್ಸ್ ಅರ್ಧಕ್ಕ ಬಿಡಬ್ಯಾಡ್ರಿ ಅಂತ ನನಗ ಹೇಳಿದವ ನೀನ ಅಲ್ಲೇನು?"

ಯಡ್ರಾಮಿಯ ಮಾಳಿಗೆ

ಗೌಡರಂಥ ಗೌಡರನ್ನು ಹಿಡಿದ ಭೂತ, ಅವರ ಕೋರ್ಸ್ ಮುಗಿದು ವಾಪಸ್ ಬಂದ ಮೇಲೆ, ಅವ್ವನ ಮುಂದೆ ಸೋತಿತು. "ಇಷ್ಟು ದೊಡ್ಡ ಭೂತಕ್ಕ ಬಾವ್ಯಾಗ ಕುಂದ್ರೂದ ಬಿಟ್ಟು ಬ್ಯಾರೆ ಕೆಲಸಿಲ್ಲೇನು?" ಎಂದು ಕೇಳಿದಳು, ಮುಗಿಯಿತು.

ಅಷ್ಟರಲ್ಲಿ ಯಡ್ರಾಮಿಯಲ್ಲಿ ಒಂದು ಕನ್ಯೆ ಇದೆ ಎಂದು ಸುದ್ದಿ ಬಂತು. ಹೆಣ್ಣು ನೋಡಲು ಯಾವಾಗಲೂ ಕಾಲೆಳೆಯುವ ನಾನು ಈ ಸಲ ಅವ್ವನಿಗಿಂತ ಮೊದಲು ಬಸ್ ಹತ್ತಿದೆ. ಕಾರಣ ಸರಳ. ಮದುವೆಯಾದರೆ ಆಕೆಯೂ "ಈ ಮನೆಯ ಇನ್ನೊಬ್ಬರು" ತಾನೇ? ಆಕೆ ಒಂದು ಕಥೆ ಓದಿದರೆ ಅಲಮಾರಿ ನನ್ನದು!

ಚಹಾ ಚೂಡಾ ಆದ ಮೇಲೆ ಹಿರಿಯರು "ಇಬ್ಬರೂ ಮಾತಾಡ್ಕೊಂಡು ಬರ್ರಿ" ಎಂದು ಮಾಳಿಗೆಗೆ ಕಳಿಸಿದರು. ಹುಡುಗಿ ಬಿಎಡ್ ಮಾಡಿದವಳು, ಚುರುಕು. "ನಿಮಗ ಏನು ಹವ್ಯಾಸ?" ಎಂದು ಕೇಳಿದಳು. ಕೇಳಬಾರದಿತ್ತು.

ನಾನು ಒಂದು ಪತ್ತೇದಾರಿ ಕಾಮಿಕ್ಸಿನ ಕಥೆ ಹಿಡಿದೆ. ಮುಚ್ಚಿದ ಕೋಣೆ, ಒಳಗಿನಿಂದ ಚಿಲಕ, ಸತ್ತು ಬಿದ್ದ ಸಾಹುಕಾರ, ಸಂಶಯ ಆರು ಮಂದಿಯ ಮೇಲೆ. ಮಾಳಿಗೆಯ ಮೇಲೆ ಹರಡಿದ್ದ ಮೆಣಸಿನಕಾಯಿಗಳನ್ನೇ ಜೋಡಿಸಿ ಯಾರು ಎಲ್ಲಿ ನಿಂತಿದ್ದರು ಎಂದು ತೋರಿಸಿದೆ. ಆಕೆ ಕಣ್ಣು ಮಿಟುಕಿಸದೆ ಕೇಳಿದಳು. ಕೊಲೆಗಾರನ ಹೆಸರು ಮಾತ್ರ ಬಾಯಿ ಬಿಡಲಿಲ್ಲ. "ಅದನ್ನ ಓದೇ ತಿಳ್ಕೋಬೇಕ್ರಿ" ಎಂದು ಇಳಿದು ಬಂದೆ. ಮೆಟ್ಟಿಲು ಇಳಿಯುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ, ಅಷ್ಟು ಖುಷಿ. ಸಂಬಂಧ ಕುದುರಿತು ಎಂದೇ ತಿಳಿದಿದ್ದೆ.

ಎರಡು ದಿನ ಬಿಟ್ಟು ಹುಡುಗಿಯ ಕಾಕಾನ ಫೋನು. ಅವ್ವ ಸ್ಪೀಕರ್ ಹಾಕಿದಳು.

"ತಪ್ಪು ತಿಳಕೋಬ್ಯಾಡ್ರಿ, ಹುಡುಗಿ ಒಲ್ಲೆ ಅಂತಾಳ್ರಿ."

ಅವ್ವ ನನ್ನ ಕಡೆ ನೋಡಿದ ನೋಟಕ್ಕೆ ಜೋಳ ಹುರಿಯಬಹುದಿತ್ತು. ಕಾಕಾ ಕೆಮ್ಮಿ ಮುಂದುವರಿಸಿದರು:

"ಆದ್ರ ಎರಡು ದಿನದಿಂದ ಮನ್ಯಾಗ ಯಾರಿಗೂ ನಿದ್ದಿಲ್ಲ. ಆ ಸಾಹುಕಾರನ್ನ ಕೊಂದವ ಯಾರು ಅಂತ ಹೇಳಿಬಿಡ್ರಿ."

ಅವ್ವನ ಓದು

ಎಳ್ಳಮಾಸಿ ಹತ್ತಿರ ಬಂತು. ಕಡೆಯ ಅಸ್ತ್ರವೆಂದು ಮಾಸ್ತರರು ತಮ್ಮ ಪ್ರಾಣವನ್ನೇ ಕಳಿಸಿದರು. ಅದೊಂದು ಜಪಾನಿ ಕತ್ತಿವೀರನ ಕಥೆ, ಇಂಗ್ಲಿಷಿನಲ್ಲಿ. ಜಪಾನಿ ಕಾಮಿಕ್ಸನ್ನು ಉರ್ದು ಪುಸ್ತಕದ ಹಾಗೆ ಬಲದಿಂದ ಎಡಕ್ಕೆ ಓದಬೇಕು. ಮಾಸ್ತರರಿಗೆ ಅದರ ಮೇಲೆ ಅಷ್ಟು ಮೋಹ ಬಂದದ್ದೂ ಅದಕ್ಕೇ. "ಜಪಾನದಾಗೂ ನಮ್ಮಂಥವರು ಅದಾರ್ರಿ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಕಥೆ ಮಾತ್ರ ಕರುಳು ಕಿವುಚುವಂಥದ್ದು. ಪುಟ್ಟ ಹುಡುಗನ ಮನೆಗೆ ವೈರಿಗಳು ಬೆಂಕಿ ಹಚ್ಚುತ್ತಾರೆ, ತಾಯಿ ಸಾಯುತ್ತಾಳೆ. ಅವನು ದೊಡ್ಡವನಾಗಿ ಕತ್ತಿ ಹಿಡಿಯುತ್ತಾನೆ, ಮದುವೆಯಾಗುತ್ತಾನೆ, ಹೆಂಡತಿಯೂ ಕೊಲೆಯಾಗುತ್ತಾಳೆ. ವೈರಿಗಳನ್ನೆಲ್ಲ ಕೊಂದು, ಒಂದು ಕೈ ಕಳೆದುಕೊಂಡು, ಮುದುಕನಾಗಿ ಒಬ್ಬನೇ ಹಿಮದಲ್ಲಿ ನಡೆದು ಮರೆಯಾಗುತ್ತಾನೆ. ಆ ಕಡೆಯ ಪುಟ ಓದಿ ಮಾಸ್ತರರು ಒಂದು ಹೊತ್ತು ಊಟ ಬಿಟ್ಟಿದ್ದರು.

ಅವ್ವನ ಶಾಲೆ ಎರಡನೇ ಇಯತ್ತೆಗೇ ಮುಗಿದದ್ದು, ಇಂಗ್ಲಿಷಂತೂ ದೂರ. "ಚಿತ್ರ ನೋಡಿದ್ರೂ ಸಾಕು" ಎಂದು ಕಟ್ಟು ಆಕೆಯ ಮುಂದಿಟ್ಟು ಅಂಗಡಿಗೆ ಓಡಿದೆ. ಕಟ್ಟುವಾಗ ಮಾಸ್ತರರು ಕೊನೆಯ ಪುಸ್ತಕವನ್ನು ಮೇಲೆ, ಮೊದಲನೆಯದನ್ನು ತಳಕ್ಕೆ ಇಟ್ಟಿದ್ದರು. ನಾನು ಗಮನಿಸಲಿಲ್ಲ.

ಮುಂದಿನ ವಾರವೆಲ್ಲ ನಮ್ಮ ಮನೆಯಲ್ಲಿ ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿದರು. ನಾನು ಒಳಗೆ ಬಂದರೆ ಮಾತು ಗಪ್ಪಾಗುತ್ತಿತ್ತು. "ಓದಾಕತ್ತಿ ಏನಬೇ?" ಎಂದು ಕೇಳಿದರೆ ಅವ್ವ "ಮುಗಿದ ಮ್ಯಾಲೆ ಹೇಳ್ತೇನಿ, ನಡಿ" ಎನ್ನುತ್ತಿದ್ದಳು. ನನಗೆ ಅಂಗಡಿಯಲ್ಲಿ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ.

ಎಳ್ಳಮಾಸಿಯ ದಿನ ನೆಲೋಗಿಯಲ್ಲಿರುವ ಮಾವನ ಹೊಲಕ್ಕೆ ಹೋದೆವು. ತೀರ್ಪು ಕೇಳಲು ಮಾಸ್ತರರೂ ವಕೀಲಬಾಯಿಯೂ ಬಂದಿದ್ದರು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಹೊಟ್ಟೆಗೆ ಇಳಿದ ಮೇಲೆ ವಕೀಲಬಾಯಿ ಕೇಳಿಯೇಬಿಟ್ಟರು. "ಅವ್ವಾರ, ಕಥಿ ಪೂರ್ತಿ ಆತೇನ್ರಿ?"

ಅವ್ವ ರೊಟ್ಟಿಯ ಗಂಟಿನಿಂದ ಪುಸ್ತಕಗಳನ್ನು ತೆಗೆದಳು. ಸುತ್ತ ಹೆಂಗಸರು ಸರಿದು ಕುಳಿತರು.

"ಹತ್ತಿ ಹೊಲದಾಗಿಂದ ಒಬ್ಬ ಒಂಟಿಗೈ ಮುದುಕ ಬರತಾನ" ಎಂದು ಅವ್ವ ಶುರುಮಾಡಿದಳು.

ಮಾಸ್ತರರು ನನ್ನ ಕಡೆ ತಿರುಗಿದರು. "ಹತ್ತಿ ಎಲ್ಲೈತ್ರಿ? ಅದು ಹಿಮ" ಎಂದು ಪಿಸುಗುಟ್ಟಿದರು.

"ಪಾಪ, ಯಾರೂ ಇಲ್ಲ ಅವಗ. ದಾರ್ಯಾಗ ನೋಡ್ತಾನ, ಹೆಣ ಬಿದ್ದಾವ. ಎಲ್ಲಾರ ಹೊಟ್ಟ್ಯಾಗ ಕತ್ತಿ. ಈತ ದೊಡ್ಡ ಡಾಕ್ಟರ್ ನೋಡ್ರಿ, ಕತ್ತಿ ಹಿಡದು ಜಗ್ಗಿದ ಕೂಡ್ಲೆ ಸತ್ತವ ಎದ್ದು ನಿಂದರತಾನ! ಒಬ್ಬನಲ್ಲ, ಇಬ್ಬರಲ್ಲ, ಎಲ್ಲಾರನೂ ಎಬ್ಬಿಸ್ತಾನ. ಆ ಪುಣ್ಯಕ್ಕ ಅವನ ಕೈ ವಾಪಸ್ ಬರತದ. ವಯಸ್ಸು ಇಳೀತದ. ಮುಂದ ಒಬ್ಬಾಕಿ ಚೆಂದನ ಹುಡುಗಿ ಸತ್ತು ಬಿದ್ದಾಳ. ಆಕೀನೂ ಎಬ್ಬಿಸಿದ. ಮದುವಿ ಆತು."

"ಮತ್ತ ಬೆಂಕಿದು ಹೇಳಬೇ" ಎಂದಳು ಪಕ್ಕದ ಮನೆಯಾಕೆ. ಆಕೆಗೆ ಕಥೆ ಪೂರಾ ಬಾಯಿಪಾಠ.

"ಹ್ಞಾಂ, ಕಡೀಕ ಅವನ ಮನಿಗೆ ಬೆಂಕಿ ಹತ್ತಿರತದ. ಮಂದಿ ಕೂಡಿ ಪಂಜು ಹಚ್ಚಿ ಆ ಬೆಂಕಿ ಜಗ್ಗಿ ತಗೀತಾರ. ಒಳಗಿಂದ ಅವರವ್ವ ಒಂದು ಕೂದಲು ಕೊಂಕದಂಗ ಹೊರಗ ಬರತಾಳ. ಅಷ್ಟೊತ್ತಿಗೆ ಈತ ಸಣ್ಣಾವ ಆಗಿರತಾನ. ಕಡೀ ಚಿತ್ರದಾಗ ನೋಡ್ರಿ, ಅವ್ವನ ತೊಡಿ ಮ್ಯಾಲೆ ಮಲಗ್ಯಾನ."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಜ ಹೇಳುತ್ತೇನೆ, ನಾನೂ ಕರವಸ್ತ್ರ ಹುಡುಕಿದೆ.

ಮಾಸ್ತರರಿಂದ ತಡೆಯಲಾಗಲಿಲ್ಲ. "ಅವ್ವಾರ, ಮಾಫ್ ಮಾಡ್ರಿ. ಅದನ್ನ ಈ ಕಡಿಂದ ಓದಬೇಕಿತ್ತು. ನೀವು ಉಲ್ಟಾ ಓದೀರಿ. ಅವರೆಲ್ಲಾ ಏಳೂದಿಲ್ರಿ, ಸಾಯ್ತಾರ. ಕಡೀಕ ಆತ ಒಬ್ಬನ ಉಳೀತಾನ."

ಅವ್ವ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಾ ಯಾಕ ಉಲ್ಟಾ ಓದಲಿ ಮಾಸ್ತರ? ಇಷ್ಟು ಚೆಂದ ಕಥಿನ ಅವರ ಉಲ್ಟಾ ಬರದಾರ."

ವಕೀಲಬಾಯಿ ಎದ್ದು ನಿಂತು, ಸೀರೆಗೆ ಅಂಟಿದ್ದ ಮಣ್ಣು ಕೊಡವಿ ತೀರ್ಪು ಕೊಟ್ಟರು. "ಕಥಿ ಪೂರ್ತಿ ಓದಬೇಕು ಅಂತ ಮಾತಾಗಿತ್ತು. ಯಾವ ಕಡಿಂದ ಅಂತ ಯಾರೂ ಹೇಳಿದ್ದಿಲ್ಲ. ಅಲಮಾರಿ ಉಳೀತು!"

ನಾನು ಹೊಲದಲ್ಲೇ ಕುಣಿದೆ. ಅವ್ವ ಸುಮ್ಮನಿರುವವಳೇ? "ಕೆಳಗಿನ ಖಾನೆ ರೊಟ್ಟಿಗೆ ಬೇಕು. ಮ್ಯಾಲಿನವು ನಿನ್ನ ಪುಸ್ತಕಕ್ಕ. ಮತ್ತ ಆ ಭೂತದ್ದು ಕಡಿಂದ ನೋಡ್ತೇನಿ ಕೊಡು. ಬಾವ್ಯಾಗಿಂದ ಮ್ಯಾಲೆ ಬರಬಹುದು" ಎಂದಳು.

ಮಾಸ್ತರರು ಕಟ್ಟಿಕೊಟ್ಟ ಹೋಳಿಗೆಯನ್ನೂ ಬಿಟ್ಟು ತಮ್ಮ ಪುಸ್ತಕಗಳನ್ನು ಕಟ್ಟಿಕೊಂಡು ಬಸ್ ಹತ್ತಿದರು. ಅವರಿಗೆ ಬೇಸರವಾಯಿತೆಂದು ನನಗೆ ಕಸಿವಿಸಿ. ಸಂಜೆ ಅವರದೇ ಫೋನು ಬಂತು. ಹಿಂದೆ ಬಸ್ಸಿನ ಸದ್ದು, ದನಿಯಲ್ಲಿ ಚಿಕ್ಕ ಹುಡುಗರ ಹುರುಪು.

"ಅರೆ ಭಾಯ್, ಎಡದಿಂದ ಓದಾಕತ್ತೇನಿ! ಆತ ಕತ್ತಿ ಜಗ್ಗಿದ, ಈಗರೆ ಆಕಿ ಎದ್ದು ಕುಂತಳ್ರಿ! ಇಳಿಯೋ ಸ್ಟಾಪ್ ಹಿಂದ ಹೋತು, ಹೋಗಲಿ ಬಿಡ್ರಿ. ಅವರವ್ವ ಹೊರಗ ಬರೂತನಕ ನಾ ಇಳಿಯೂದಿಲ್ಲ."