ಕೈಲಾಸದ ಹತ್ತಿ

ನನ್ನ ಹೆಂಡತಿಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲವೆಂಬುದು ಆದೋನಿಯ ಹತ್ತಿಪೇಟೆಗೆಲ್ಲ ಗೊತ್ತು. (ಗೊತ್ತುಮಾಡಿದವನು ನಾನೇ.) ಅಂಥವಳನ್ನು ಮದ್ರಾಸಿನ ಟಾಕಿ ಸ್ಟುಡಿಯೋಕ್ಕೆ ಕರೆದೊಯ್ಯುವ ಗಂಡಾಂತರ ನನಗೆ ಬಂದದ್ದು ಚಿನ್ನಪ್ಪನಿಂದ. ಎಮ್ಮಿಗನೂರಿನ ಈ ಬಡಗಿ ಅಲ್ಲಿ ಅರಮನೆ, ಗುಡಿ, ಕೋಟೆಗಳನ್ನೆಲ್ಲ ಹಲಗೆಯಲ್ಲಿ ಕಟ್ಟುವ ಕೆಲಸಕ್ಕಿದ್ದ.

"ಈ ಸಲ ಕೈಲಾಸ ಕಟ್ಟೀವ್ರಿ ಸಾವ್ಕಾರ್ರ. ಮನಿಮಂದೆಲ್ಲ ಬಂದು ನೋಡ್ರಿ. ಒಂದ ಕರಾರು, ಒಳಗ ಯಾರೂ ಪಿಟ್ ಅನ್ನಂಗಿಲ್ಲ" ಎಂದ.

ಹೆಂಡತಿ ಗುರುಲಿಂಗಮ್ಮ ನನ್ನ ಬೆನ್ನು ಹತ್ತಿದಳು. "ಪಾರ್ವತಿ ಪರಮೇಶ್ವರನ್ನ ಒಮ್ಮೆ ಕಣ್ತುಂಬ ನೋಡಬೇಕ್ರಿ. ಈ ವರ್ಷ ನನಗ ಸೀರಿನೂ ಬ್ಯಾಡ."

ಮದುವೆಯಾದಂದಿನಿಂದ ಆಕೆ ಸೀರೆ ಬೇಡ ಎಂದದ್ದು ಅದೇ ಮೊದಲು. ಮಾತು ಬದಲಾಗುವ ಮುಂಚೆ ಒಪ್ಪಿಬಿಟ್ಟೆ. ಅನುಮಾನ ಬಂದದ್ದು ನಮ್ಮ ಮನೆಯಲ್ಲೇ ಇದ್ದ ಅತ್ತೆಯವರಿಗೆ ಮಾತ್ರ.

"ಕೈಲಾಸ ಅಂದ್ರ ಸತ್ತಮ್ಯಾಲ ಹೋಗೋದಲ್ಲೇನ್ರಿ ಅಳಿಯಂದಿರ? ನನ್ನ ಇಷ್ಟು ಲಗೂನ ಯಾಕ ಕಳಸ್ತೀರಿ?"

(ಅಂಥ ವಿಚಾರ ನನ್ನ ತಲೆಗೆ ಬಂದೇ ಇರಲಿಲ್ಲವೆಂದು ಆಣೆ ಮಾಡಿ ಹೇಳಲಾರೆ.)

ರೈಲು ಹತ್ತಿದ ಮೇಲೆ ನಾನು ಮೌನೋಪದೇಶಕ್ಕೆ ತೊಡಗಿದೆ. "ನೋಡು, ಅಲ್ಲಿ ಮಿಷನ್ನು ಉಸುರು ಬಿಟ್ರೂ ಕೇಳಿಸ್ಕೊಂತೈತಿ. ಬಾಯಿ ತೆಗದೀ ಅಂದ್ರ ಕುತ್ತಿಗಿ ಹಿಡಿದು ದಬ್ತಾರ. ಈ ಸೋಮಶೇಖರಪ್ಪನ ಮರ್ಯಾದಿ ಮದ್ರಾಸಿನಾಗ ಹೋಗ್ತೈತಿ!"

"ಗುಂತಕಲ್ಲಿನಿಂದ ನೀವ ಮಾತಾಡಾಕ ಹತ್ತೀರಲ್ರೀ?"

"ಹಾ! ಮತ್ತ ಬಾಯಿ ತೆಗದಿ!"

ಸ್ಟುಡಿಯೋದ ಒಳಗೆ ಕಾಲಿಟ್ಟಾಗ ಮಾತ್ರ ನನ್ನ ಬಾಯಿಯೂ ಕಟ್ಟಿಹೋಯಿತು. ಆ ದೊಡ್ಡ ಶೆಡ್ಡಿನ ನಡುವೆ ಬೆಳ್ಳಗೆ ಹೊಳೆಯುವ ಹಿಮಪರ್ವತ! ಮೇಲೆ ಹುಲಿಚರ್ಮದ ಮೇಲೆ ಜಟಾಧಾರಿ ಪರಮೇಶ್ವರ, ಪಕ್ಕದಲ್ಲಿ ಪಾರ್ವತಿ. (ಪಾರ್ವತಿ ಕಾಫಿ ಕುಡಿಯುತ್ತಿದ್ದಳು, ಅದನ್ನು ಹೆಂಡತಿಗೆ ಕಾಣದಂತೆ ಅಡ್ಡ ನಿಂತೆ.) ಗುರುಲಿಂಗಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೈಮುಗಿದು ನಿಂತಳು. ನಿಜ ಹೇಳುತ್ತೇನೆ, ಆಗ ನನಗೆ ಆಕೆಯ ಮೇಲೆ ಪ್ರೀತಿ ಉಕ್ಕಿತು.

ಯಾರೋ "ಸೈಲೆನ್ಸ್!" ಎಂದು ಕೂಗಿದರು. ದೀಪಗಳು ಧಗ್ಗನೆ ಹತ್ತಿದವು. ನಾನು ನಿಂತಿದ್ದು ಪರ್ವತದ ಬುಡದಲ್ಲೇ. ಮೊಣಕೈಗೆ ಮೆತ್ತಗೆ ಏನೋ ತಾಕಿತು. ಹಿಮವಲ್ಲ, ಹತ್ತಿ!

ಹತ್ತಿ ಕಂಡರೆ ನಮ್ಮ ಪೇಟೆಯವರ ಕೈ ಸುಮ್ಮನಿರುವುದಿಲ್ಲ. ಒಂದು ಚಿಟಿಕೆ ಕಿತ್ತು, ಎರಡೂ ಕೈಯ ಬೆರಳಲ್ಲಿ ಹಿಡಿದು ಎಳೆದು, ಎಳೆ ಎಷ್ಟುದ್ದ ಬರುತ್ತದೆಂದು ನೋಡಿಯೇ ತೀರಬೇಕು. ನನ್ನ ಕೈ ಕಿತ್ತಿತು, ಎಳೆಯಿತು. ಎಳೆ ಪಟ್ಟನೆ ಹರಿಯಿತು. ಒಳಗೆ ಎಲೆಯ ಪುಡಿ, ಬೀಜದ ಚೂರು.

ಅದೇ ಹೊತ್ತಿಗೆ ಮೇಲಿನಿಂದ ಪರಮೇಶ್ವರ ತನ್ನ ಭಕ್ತನನ್ನು ಗಂಭೀರವಾಗಿ ತೆಲುಗಿನಲ್ಲಿ ಕೇಳಿದ: "ಭಕ್ತಾ! ನೇನೆವರು?" (ನಾನು ಯಾರು ಅಂತ.)

"ಕಸ! ಬರೇ ಕಸ!" ಎಂದೆ ನಾನು.

ಪೇಟೆಯಲ್ಲಿ ಕೂಗಿ ಅಭ್ಯಾಸವಾದ ಗಂಟಲು ನೋಡಿ, ಕೈಲಾಸವೆಲ್ಲ ಮೊಳಗಿತು. ಭಕ್ತ ನಕ್ಕುಬಿಟ್ಟ. ಪರಮೇಶ್ವರನಿಗೆ ಮೂರನೆಯ ಕಣ್ಣು ಬೇಕಾಗಲೇ ಇಲ್ಲ, ಇದ್ದ ಎರಡರಲ್ಲೇ ನನ್ನನ್ನು ಸುಟ್ಟ. ಡೈರೆಕ್ಟರು ಓಡಿಬಂದರು.

"ನಾನು ದೇವರಿಗೆ ಅಂದಿಲ್ರೀ ಸ್ವಾಮಿ, ಹತ್ತಿಗೆ ಅಂದೆ" ಎಂದು ನಾನು ಪೇಟೆಯ ಠೀವಿಯಲ್ಲೇ ಶುರುಮಾಡಿದೆ. "ನಿಮಗ ಮೋಸ ಆಗೈತಿ. ಇದನ್ನ ಮೊದಲ ನಂಬರ್ ಅಂತ ಮಾರಿದ ಕಳ್ಳ ಯಾರು? ಹೆಸರು ಹೇಳ್ರಿ, ಪೇಟ್ಯಾಗ ತಲಿ ಎತ್ತದಂಗ ಮಾಡ್ತೀನಿ!"

ನಾನು ಕಿತ್ತ ಜಾಗದಲ್ಲಿ ಹತ್ತಿ ಸರಿದು, ಹಲಗೆಗೆ ಬಡಿದಿದ್ದ ಹತ್ತಿಮೂಟೆಯ ಗೋಣಿತಟ್ಟು ಕಾಣುತ್ತಿತ್ತು. ಗುರುಲಿಂಗಮ್ಮ ಬಗ್ಗಿ ನೋಡಿದಳು. ಬಾಯಿಂದ ಸೆರಗು ಜಾರಿತು.

"ಅಯ್ಯ ಶಿವನ! ನಮ್ಮ ಅಂಗಡಿ ಮಾರ್ಕು, ನಮ್ಮ ಬಸವಣ್ಣ ನೋಡ್ರಿ! ಕೈಲಾಸಕ್ಕ ನಮಗಿಂತ ಮೊದಲ ಬಂದು ಕುಂತಾನ!"

ಸಂತೋಷದಿಂದ ಆ ಗೋಣಿತಟ್ಟಿಗೆ ಹಣೆ ಹಚ್ಚಿ ನಮಸ್ಕರಿಸಿದಳು. ತಟ್ಟಿನ ಮೇಲೆ ಎತ್ತಿನ ಚಿತ್ರದ ಕೆಳಗೆ ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಮದ್ರಾಸಿನ ಯಾವನೋ ದಲಾಲಿಗೆ ಹೋದ ವರ್ಷ ನಾನು ಸಾಗಹಾಕಿದ್ದ ಮಾಲು, ಸುತ್ತಿ ಸುತ್ತಿ ಶಿವನ ಪಾದಕ್ಕೆ ಬಂದು ಬಿದ್ದಿತ್ತು.

ಡೈರೆಕ್ಟರು ನನಗೆ ಬಾಗಿಲು ತೋರಿಸಿದರು. "ಆ ಅಮ್ಮನವರು ಇರಲಿ" ಎಂದರು. ಹೆಂಡತಿಯೂ ಅತ್ತೆಯವರೂ ಕುರ್ಚಿಯ ಮೇಲೆ ಕೂತು ಸಂಜೆಯವರೆಗೆ ಶಿವಲೀಲೆ ನೋಡಿದರು. ನಾನು ಗೇಟಿನ ಹೊರಗೆ ನಿಂತು ಗೂರ್ಖನ ಲೀಲೆ ನೋಡಿದೆ.

ಊರಿಗೆ ಬಂದ ವಾರಕ್ಕೆ ಸ್ಟುಡಿಯೋದಿಂದ ಕಾಗದ ಬಂತು. ಕೆಟ್ಟ ಹತ್ತಿಗೆ ಬದಲಾಗಿ ಒಳ್ಳೆಯದನ್ನು ಕಳಿಸಬೇಕಂತೆ; ಅದನ್ನು ಶ್ರೀಮತಿ ಗುರುಲಿಂಗಮ್ಮನವರೇ ಸ್ವತಃ ಪರೀಕ್ಷಿಸಿ ಒಪ್ಪಬೇಕಂತೆ. ಅಂದಿನಿಂದ ನನ್ನ ಗಾದಿಯ ಮೇಲೆ ಆಕೆ. ಪಕ್ಕದಲ್ಲಿ ಅತ್ತೆಯವರು. ನಾನು ತಂದ ಮೂರು ಮಾಲನ್ನು ಎಳೆದು ನೋಡಿ ಮೂಲೆಗೆ ಎಸೆದಾಗಿದೆ.

"ಸಾಕ್ಷಾತ್ ಪರಮೇಶ್ವರ ಕುಂದ್ರೋ ಜಾಗಾರಿ ಅದು! ಇಂಥಾದ್ದು ತರಾಕ ನಿಮಗ ಮನಸರ ಹೆಂಗ ಬರ್ತೈತಿ?"

ಅಪ್ಪಣೆಯಾಗಿದೆ. ನಾಲ್ಕನೆಯ ಮಾಲು ಹುಡುಕಲು, ಈ ಉರಿಬಿಸಿಲಲ್ಲಿ, ಆಸ್ಪರಿಗೆ ಬಂಡಿ ಕಟ್ಟಿಸುತ್ತಿದ್ದೇನೆ.