ಭೂಗೋಳದ ಮೇಷ್ಟ್ರು ಕೊಡಚಾದ್ರಿ ಹತ್ತಿದ್ದು

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಹದಿನೆಂಟು ವರ್ಷ ಮಕ್ಕಳಿಗೆ ಪಶ್ಚಿಮ ಘಟ್ಟಗಳ ಪಾಠ ಮಾಡಿದ ನಾನು ಕೊಡಚಾದ್ರಿಗೆ ಹೋಗುವವರೆಗೆ ಒಂದು ಗುಡ್ಡವನ್ನೂ ನಡೆದು ಹತ್ತಿದವನಲ್ಲ. ಭದ್ರಾವತಿಯ ನಮ್ಮ ಹೈಸ್ಕೂಲಿನಲ್ಲಿ ಗೋಡೆಗೆ ನಕ್ಷೆ ತೂಗುಹಾಕಿ, ಗುಜರಾತಿನ ಅಂಚಿನಿಂದ ಕನ್ಯಾಕುಮಾರಿಯವರೆಗೆ ಕೋಲಿನ ತುದಿಯಲ್ಲೇ ಅರ್ಧ ನಿಮಿಷಕ್ಕೆ ಇಳಿದುಬಿಡುತ್ತಿದ್ದೆ. ಏದುಸಿರು ಬರುತ್ತಿರಲಿಲ್ಲ. ಹಾಗಾಗಿ ಬೆಟ್ಟಗಳೆಂದರೆ ನನಗೆ ಒಂಥರಾ ಸಲಿಗೆ.

ನ್ಯೂ ಟೌನಿನಲ್ಲಿ ನಮ್ಮ ಪಕ್ಕದ ಮನೆಯ ಸೆಲ್ವಂ ಕಾರ್ಖಾನೆಯಲ್ಲಿ ಫಿಟ್ಟರ್. ಅವನೂ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ರುದ್ರೇಶನೂ ಒಂದು ಭಾನುವಾರ ಜಲಪಾತದ ಕಡೆಯಿಂದ ಕೊಡಚಾದ್ರಿ ಹತ್ತುವ ಮಾತಾಡುತ್ತಿದ್ದಾಗ, "ದಾರಿ ತಪ್ಪದ ಹಾಗೆ ನಾನು ನೋಡ್ಕೊಳ್ತೀನಿ" ಎಂದುಬಿಟ್ಟೆ. ಒಳಗಿಂದ ನನ್ನ ಹೆಂಡತಿ ವಿಮಲಾ ನಕ್ಕಳು. "ತರಕಾರಿ ತರೋಕೂ ಮೊಪೆಡ್ ಬೇಕು ನಿಮಗೆ. ನಾನೂ ಬರ್ತೀನಿ ರೀ. ನಿಮ್ಮನ್ನ ವಾಪಸ್ ಕರ್ಕೊಂಡು ಬರೋಕೆ ಯಾರಾದ್ರೂ ಬೇಕಲ್ಲ!"

ಭಾನುವಾರ ಶಿವಮೊಗ್ಗದಿಂದ ಮೊದಲ ಬಸ್ಸು ಹಿಡಿದು ನಿಟ್ಟೂರಿನಲ್ಲಿ ಇಳಿದೆವು. ಮೊದಲ ಒಂದು ಗಂಟೆ ನಾನೇ ಮುಂದೆ. ಗಾಳಿಗೆ ಎದೆ ಉಬ್ಬಿ, ಹಾಡುವುದೊಂದು ಬಾಕಿ. ಜಲಪಾತದ ಹತ್ತಿರ ದಾರಿ ಎನ್ನುವುದು ಮುಗಿದು ಬೇರು ಹಿಡಿದು ಬಂಡೆ ಹತ್ತುವ ಕೆಲಸ ಶುರುವಾಯಿತು. ನೀರು ಮುಖಕ್ಕೆ ರಾಚುತ್ತಿತ್ತು, ಕಾಲಿಗೆ ರಕ್ತ ಹೀರುವ ಉಂಬಳ ಕಚ್ಚಿಕೊಂಡಿದ್ದವು, ಕೂಗಿದರೂ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ವಿಮಲಾ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಸೆಲ್ವಂ ಕೈಕೊಡುವ ಮೊದಲೇ ಮೇಲಿನ ಬಂಡೆಯ ಮೇಲೆ ನಿಂತಿದ್ದಳು. ಚಿಕ್ಕಂದಿನಲ್ಲಿ ನೇರಳೆ ಮರ ಹತ್ತುತ್ತಿದ್ದಳಂತೆ. ಮದುವೆಯಾಗಿ ಹದಿನೈದು ವರ್ಷವಾದರೂ ಆ ಸಂಗತಿ ನನಗೆ ಗೊತ್ತಾದದ್ದು ಆ ಬಂಡೆಯ ಕೆಳಗೆ ಜೋತುಬಿದ್ದಾಗ.

ಮೇಲೆ ಹುಲ್ಲುಗುಡ್ಡಕ್ಕೆ ಬಂದಾಗ ನನ್ನ ಶ್ವಾಸಕೋಶ ಕೈಕೊಟ್ಟಿತು. ನಿಲ್ಲಬೇಕು, ಆದರೆ ಸುಸ್ತು ಅನ್ನಬಾರದು. "ಇಲ್ಲಿ ನೋಡಿ," ಎಂದು ಕೈ ಚಾಚಿದೆ, "ಗಾಳಿಗೆ ಎದುರಾದ ಕಡೆ ಬರೀ ಹುಲ್ಲು, ಕಣಿವೆಯಲ್ಲಿ ಮಾತ್ರ ಕಾಡು. ಯಾಕೆ ಗೊತ್ತಾ?" ಐದು ನಿಮಿಷ ವಿವರಿಸಿದೆ. ಮುಂದಿನ ಏರಿನಲ್ಲಿ ಜಂಬಿಟ್ಟಿಗೆ ಕಲ್ಲು, ಎಡಕ್ಕಿದ್ದ ಪ್ರಪಾತದ ವಿಷಯ, ಅದರಾಚೆ ಮಳೆಯ ಮೋಡಗಳ ವಿಷಯ. ನಾಲ್ಕನೆಯ ಪಾಠಕ್ಕೆ ಬಾಯಿ ತೆರೆಯುವಷ್ಟರಲ್ಲಿ ರುದ್ರೇಶ, "ಮಾರಾಯ್ರೇ, ಸುಮ್ನೆ ಕೂತ್ಕೊಳ್ಳಿ. ನಿಮ್ಮ ಸಿಲೆಬಸ್ ಮುಗಿಯೋದ್ರಲ್ಲಿ ಕತ್ತಲಾಗುತ್ತೆ" ಎಂದ. ವಿಮಲಾ, "ನೀವು ಪಾಠ ಮುಗಿಸ್ಕೊಂಡು ಬನ್ನಿ, ನಾನು ತುದೀಲಿರ್ತೀನಿ" ಎಂದು ನಡೆದೇಬಿಟ್ಟಳು.

ಅವಳು ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಮಂಜು ಬಂತು. ಎದುರಿಗಿದ್ದ ಗುಡ್ಡ, ದಾರಿ, ರುದ್ರೇಶನ ಕೆಂಪು ಟೋಪಿ ಎಲ್ಲವೂ ಮಾಯ. "ವಿಮಲಾ!" ಎಂದೆ. ಉತ್ತರವಿಲ್ಲ. ರುದ್ರೇಶ ಸೀಟಿ ಊದಿದ. ಆಗಲೂ ಇಲ್ಲ. ದಾರಿಯ ಎಡಕ್ಕೆ ನೇರ ಪ್ರಪಾತ ಎಂದು ಆಗತಾನೇ ನಾನೇ ಪಾಠ ಮಾಡಿದ್ದೆ. "ಮೆದುವಾ ಸಾರ್, ಮೆದುವಾ!" ಎಂದು ಸೆಲ್ವಂ ನಿಧಾನಕ್ಕೆ ಹೋಗಲು ಹಿಂದಿನಿಂದ ತಮಿಳಿನಲ್ಲಿ ಕೂಗುತ್ತಿದ್ದ. ನಾನು ನಿಲ್ಲಲಿಲ್ಲ. ಬಗ್ಗಿ, ದಾರಿಯ ಕಲ್ಲುಗಳನ್ನು ಕೈಯಲ್ಲಿ ತಡವುತ್ತಾ, ಎರಡು ಸಲ ಮುಗ್ಗರಿಸಿ, ಅವಳ ಹೆಸರು ಕೂಗುತ್ತಾ ಹತ್ತಿದೆ. ಎಷ್ಟು ಹೊತ್ತು ಹಾಗೆ ಹತ್ತಿದೆನೋ ಗೊತ್ತಿಲ್ಲ. ಇದ್ದಕ್ಕಿದ್ದಂತೆ ನೆಲ ಸಮವಾಗಿ, ಮಂಜಿನೊಳಗೆ ಒಂದು ಕಲ್ಲುಮಂಟಪ ಕಂಡಿತು. ಮೆಟ್ಟಿಲ ಮೇಲೆ ವಿಮಲಾ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತಿದ್ದಳು.

"ಕೂಗಿದ್ದು ಕೇಳಿಸ್ಲಿಲ್ವೇನೇ?"

"ಈ ಗಾಳೀಲಿ ಏನು ಕೇಳಿಸುತ್ತೆ? ಅಯ್ಯೋ, ಓಡ್ಕೊಂಡು ಬಂದ್ರಾ? ಮಂಡಿಯೆಲ್ಲ ರಕ್ತ!" ಎಂದಳು. ಸೆರಗು ನೆನೆಸಿ ಮಂಡಿ ಒರೆಸುತ್ತಿದ್ದವಳು, "ಹೆದರಿದ್ರಾ?" ಎಂದು ಕೇಳಿದಳು. "ಇಲ್ಲಪ್ಪ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಪರದೆ ಸರಿದ ಹಾಗೆ ಮಂಜು ಹರಿಯಿತು. ಕೆಳಗೆ ಹಸಿರು ಬೆಟ್ಟಗಳು ಸಾಲಿಗೆ ಸಾಲು, ಕೊನೆಯಲ್ಲಿ ಬೆಳ್ಳಗೆ ಒಂದು ಗೆರೆ. ಸಮುದ್ರ! ಆಗತಾನೇ ಬಂದು ಮುಟ್ಟಿದ ರುದ್ರೇಶ, ಸೆಲ್ವಂ, ವಿಮಲಾ, ನಾನು, ನಾಲ್ವರೂ ಮಕ್ಕಳಂತೆ ಕಿರುಚಿದೆವು.

ಸೋಮವಾರ ಶಾಲೆಗೆ ರಜೆ ಹಾಕಿದೆ. ಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ಸಂಜೆ ಸೆಲ್ವಂ ಬಂದು ಹೊರಗೆ ವಿಮಲಾ ಜೊತೆ ಮಾತಾಡುವುದು ಕೇಳಿಸಿತು. "ಅಕ್ಕಾ, ಮುಂದಿನ ತಿಂಗಳು ಕುದುರೆಮುಖ. ರುದ್ರೇಶ್ ಸಾರ್ ರೆಡಿ, ನೀವು ಬಂದ್ರೆ ಮೂರು ಜನ." ಆ ಮೂವರ ಲೆಕ್ಕದಲ್ಲಿ ನಾನಿರಲಿಲ್ಲ. ಮಲಗಿದಲ್ಲಿಂದಲೇ, "ಭಾನುವಾರ ಬೇಡ, ಎರಡನೇ ಶನಿವಾರ ಇಟ್ಕೊಳ್ಳಿ" ಎಂದು ಕೂಗಿದೆ.

ಸೆಲ್ವಂ ಬಾಗಿಲಲ್ಲಿ ಇಣುಕಿ ನನ್ನ ಕಾಲು ನೋಡಿದ. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದ:

"ಸಾರ್, ನೀವೂ ಬರ್ತೀರಾ?"