ಸಿಂದಗಿಗೆ ಹೋದ ಸಿಲಿಕಾನ್ ಬಿಲ್ಲೆ

ನನ್ನ ವಿದ್ಯೆಯ ಬಗ್ಗೆ ನನಗೆ ಎಂದೂ ಅನುಮಾನ ಬಂದದ್ದಿಲ್ಲ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರನಾಗಿ ಇಷ್ಟು ವರ್ಷ ಸಿಲಿಕಾನ್ ಬಿಲ್ಲೆಗಳ ಮೇಲೆ ಟ್ರಾನ್ಸಿಸ್ಟರ್ ಮೂಡಿಸಿದ್ದೇನೆ. ಎಂಥೆಂಥ ಪಂಡಿತರ ಪ್ರಶ್ನೆಗಳಿಗೂ ಎದೆ ಸೆಟೆಸಿ ಉತ್ತರ ಕೊಟ್ಟಿದ್ದೇನೆ. ತೊಂದರೆಯೆಲ್ಲ ಊರ ಕಡೆ ಬಂದಾಗ. ನಾನು ಮಾಡುವ ವಸ್ತು ಬರಿಗಣ್ಣಿಗೆ ಕಾಣುವುದಿಲ್ಲ ಎಂದರೆ ಬಾಗೇವಾಡಿಯ ನಮ್ಮ ಕಾಕಾ, "ಮತ್ತ ಅದಕ್ಕ ಪಗಾರ ಹೆಂಗ ಕೊಡ್ತಾರೋ ತಮ್ಮಾ?" ಎನ್ನುತ್ತಾರೆ. ಕಾಣುವ ಹಾಗಿದ್ದರೆ ಇಷ್ಟು ಕೊಡುತ್ತಿರಲಿಲ್ಲ ಎಂದು ನಾನೂ ಬಿಡುವುದಿಲ್ಲ.

ಆದರೆ ತೊಂಬತ್ತರ ದಶಕದ ಕೊನೆಗೊಮ್ಮೆ ಈ ಕಾಣದ ವಸ್ತು ನನ್ನ ಶಿಷ್ಯನ ಮದುವೆಗೇ ಅಡ್ಡ ಬಂತು. ಮಸೂತಿ ಊರಿನ ಶಿವಾನಂದ ನನ್ನ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ. ಸಿಂದಗಿಯ ಸುನಂದಾಳನ್ನು ನೋಡಿ ಬಂದಿದ್ದ, ಮೆಚ್ಚಿದ್ದ, ಊಟ ಬಿಟ್ಟಿದ್ದ. ಹುಡುಗಿಯ ಅಪ್ಪ ಗುರುಪಾದಪ್ಪ ತೊಗರಿ ವ್ಯಾಪಾರಿ. ಹುಡುಗ ಮಾಡುವ ಕೆಲಸ ಏನೆಂದು ತಿಳಿಯುವ ತನಕ ಮುಂದಿನ ಮಾತಿಲ್ಲ ಎಂದು ಕೂತಿದ್ದರಂತೆ. "ಸರ್, ನೀವು ಬಂದು ಒಂದು ಮಾತು ಹೇಳಿದ್ರ ಆಗತೈತ್ರಿ" ಎಂದು ಹುಡುಗ ಗೋಗರೆದ. ಅದಕ್ಕೇನು, ನಾನಿಲ್ಲವೇ? ಪ್ರಯೋಗಾಲಯದ ಮೂಲೆಗೆ ಬಿದ್ದಿದ್ದ, ಕನ್ನಡಿಯಂತೆ ಹೊಳೆಯುವ ಅಂಗೈಯಗಲದ ಕೆಟ್ಟ ಬಿಲ್ಲೆಯೊಂದನ್ನು ಡಬ್ಬಿಯಲ್ಲಿಟ್ಟುಕೊಂಡು ಅವನ ಜೊತೆ ಸಿಂದಗಿ ಬಸ್ಸು ಹತ್ತಿದೆ. ಒಳ್ಳೆಯದನ್ನು ಒಯ್ಯಲು ನನಗೇನು ಹುಚ್ಚೇ?

ಗುರುಪಾದಪ್ಪನವರ ಮನೆಯಲ್ಲಿ ಅವಲಕ್ಕಿ ಮುಗಿಯಿತು. "ಇದರ ಮ್ಯಾಲ ಸಾವಿರಾರು ಟ್ರಾನ್ಸಿಸ್ಟರ್ ಅದಾವ್ರಿ" ಎಂದು ಬಿಲ್ಲೆಯನ್ನು ಠೀವಿಯಿಂದ ಮುಂದೆ ಹಿಡಿದೆ. ಗುರುಪಾದಪ್ಪ ಅಂಗೈಯಲ್ಲಿ ತೊಗರಿ ಹರಡಿ ನೋಡುವವರ ಹಾಗೆ ಅದನ್ನು ಬೆಳಕಿಗೆ ಹೊರಳಿಸಿದರು. "ಇದರಾಗ ಚಲೋ ಎಷ್ಟ್ರಿ, ಹುಳುಕು ಎಷ್ಟ್ರಿ?"

ಅಬ್ಬಾ! ನಮ್ಮ ಕಸುಬಿನ ಮರ್ಮಕ್ಕೇ ಕೈ ಹಾಕಿದ್ದರು. ಮುಕ್ಕಾಲು ಪಾಲು ಚಲೋ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಶಿವಾನಂದ, "ಒಂದೂ ಚಲೋ ಇಲ್ರಿ" ಎಂದುಬಿಟ್ಟ.

ಮುಗಿಯಿತು ಇವನ ಮದುವೆ, ಅಂದುಕೊಂಡೆ. ಬಾಗಿಲ ಬಳಿ ನಿಂತಿದ್ದ ಸುನಂದಾ ಕೇಳಿದಳು: "ಯಾಕ ಕೆಟ್ಟಾವು ಅಂತ ಗೊತ್ತಾತೇನ್ರಿ?"

"ಗೊತ್ತಾತ್ರಿ. ಸರ್ ಗಡಿಬಿಡಿ ಮಾಡಿ ಸುಡೋ ಭಟ್ಟಿಯಿಂದ ಒಮ್ಮೆಲೇ ಹೊರಗ ತಗದ್ರು. ಬಿಲ್ಲಿ ಸೊಟ್ಟಾತು."

ಇವನ ಪರ ಮಾತಾಡಲು ಬಂದವನು ನಾನು! ಗುರುಪಾದಪ್ಪ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ತನ್ನ ಮಾಲು ಕೆಟ್ಟೈತಿ ಅಂತ ತಾನ ಹೇಳಾವನ್ನ ನಮ್ಮ ಬಜಾರದಾಗ ನಾ ಕಂಡಿಲ್ರಿ. ಅದೂ ಯಜಮಾನನ ಎದುರಿಗೆ! ಏನವಾ, ನೀ ಏನಂತಿ?"

"ಹೂಂ ಅನ್ನಪಾ" ಎಂದು ಸುನಂದಾ ಒಳಗೆ ಓಡಿದಳು.

ಬಿಲ್ಲೆ ಅಲ್ಲೇ ಉಳಿಯಿತು. ಕೆಲವು ವರ್ಷಗಳ ಮೇಲೆ ಶಿವಾನಂದನ ಜೊತೆ ಅದೇ ಮನೆಗೆ ಹೋದಾಗ, ಅವನ ಅತ್ತೆ ಗೋಡೆಗೆ ನಿಲ್ಲಿಸಿದ್ದ ಆ ಬಿಲ್ಲೆಯಲ್ಲಿ ನೋಡಿಕೊಂಡು ಕುಂಕುಮ ತಿದ್ದುತ್ತಿದ್ದರು. ಹೆಮ್ಮೆಯಿಂದ ಹೇಳುತ್ತೇನೆ, ನನ್ನ ಸಂಶೋಧನೆಯಲ್ಲಿ ಕರೆಂಟು ಹೋದರೂ ಕೆಲಸ ಮಾಡುವುದು ಅದೊಂದೇ. "ಭಾಳ ಚಲೋ ಐತ್ರಿ ಸರ. ಆದ್ರ ಮುಖ ಒಂಚೂರು ಸೊಟ್ಟ ಕಾಣ್ತೈತಿ, ಯಾಕ್ರಿ?" ಎಂದರು.

ಶಿವಾನಂದ ಬಾಯಿ ತೆರೆದ.

"ಚಾ ಆರಾಕತ್ತೈತಿ, ಮೊದಲ ಕುಡಿಯೋ!" ಎಂದು ಗದರಿದೆ.